ನವನಗರದಾಗ ‘ಒಂದ ತಾಸಿನಾಗ ಬಿಳಿ ಹಲ್ಲು’ ಅಂತಾರ, ರೊಕ್ಕ ಕೊಡಬ್ಯಾಡ್ರಿ

ಬಾಗಲಕೋಟೆ ನವನಗರದ ಒಂದು ಪಾರ್ಲರ್. ‘ಒಂದು ತಾಸಿನಲ್ಲಿ ಎಂಟು ಶೇಡ್ ಬಿಳುಪು’ ಅಂತ ಬೋರ್ಡು (ಶೇಡ್ ಅಂದರೆ ಹಲ್ಲಿನ ಬಣ್ಣ ಅಳೆಯುವ ಮೆಟ್ಟಿಲು). ₹4,500 ಹೋಯಿತು. ಕಂದು ಕಲೆ ಇದ್ದಲ್ಲೇ ಇದೆ, ಮೇಲೆ ಒಸಡು ಸುಟ್ಟಿದೆ. ರೊಕ್ಕಕ್ಕಿಂತ ನಂಬಿ ಕೂತದ್ದಕ್ಕೇ ನಾಚಿಕೆ ಆಗುತ್ತಿದೆ.

ಮೋಸ ಇರುವುದು ಕನ್ನಡಿಯಲ್ಲಿ. ತುಟಿ ಅಗಲಿಸುವ ಪ್ಲಾಸ್ಟಿಕ್ ಹಾಕಿ ಮುಕ್ಕಾಲು ತಾಸು ಕೂರಿಸುತ್ತಾರೆ. ಉಗುಳು ತಾಗದೆ ಹಲ್ಲು ಒಣಗುತ್ತದೆ. ಒಣಗಿದ ಎನಾಮಲ್, ಅಂದರೆ ಹಲ್ಲಿನ ಮೇಲಿನ ಗಟ್ಟಿ ಪದರ, ಏನೂ ಹಚ್ಚದಿದ್ದರೂ ಬೆಳ್ಳಗೇ ಕಾಣುತ್ತದೆ. ಸರಿಯಾಗಿ ಆಗಲೇ ಕನ್ನಡಿ ಕೈಗೆ ಕೊಡುತ್ತಾರೆ! ಫೋಟೋ ತೆಗೆದು, ಅಲ್ಲೇ ಸ್ಕ್ಯಾನ್ ಮಾಡಿಸಿ ರೊಕ್ಕ ಹಾಕಿಸಿಕೊಳ್ಳುತ್ತಾರೆ. ಒಂದೆರಡು ದಿನದಲ್ಲಿ ಎನಾಮಲ್ ಮತ್ತೆ ನೀರು ಹೀರಿಕೊಂಡಾಗ ಹಳೆಯ ಬಣ್ಣ ವಾಪಸ್.

ಮೂರನೇ ದಿನ ಫೋನ್ ಮಾಡಿದರೆ, ‘ಚಾ ಕುಡದೀರಿ, ಅದಕ್ಕ ಹಂಗಾಗೇತಿ.’ ಚಾ ಮುಟ್ಟಿಲ್ಲ ಅಂದರೆ, ‘ನಿಮ್ಮ ಹಲ್ಲ ಮೊದಲಿಂದನ ಹಂಗ ಅದಾವ್ರಿ, ನಾವೇನ್ ಮಾಡೂಣು?’ ಮೊದಲಿಂದ ಹಂಗಿದ್ದದ್ದು ರೊಕ್ಕ ಇಸಗೊಳ್ಳುವಾಗ ಕಾಣಲಿಲ್ಲವೇ?

ಹುನಗುಂದ, ಮುದ್ದೇಬಿಹಾಳ ಕಡೆ ಬೋರ್ ನೀರು ಕುಡಿದು ಬೆಳೆದವರು ಇದನ್ನು ಓದಲೇಬೇಕು. ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು 8 ವರ್ಷದೊಳಗೆ ಕುಡಿದರೆ, ಒಸಡಿನೊಳಗೆ ಬೆಳೆಯುವ ಹಲ್ಲಿನ ಎನಾಮಲ್ಲೇ ಕೆಡುತ್ತದೆ. ಆ ಕಲೆ ಉಜ್ಜಿದರೆ ಹೋಗುವ ಕೊಳೆಯಲ್ಲ. ಬ್ಲೀಚ್ (ಜೆಲ್ ಹಚ್ಚಿ ಬಿಳುಪು ಮಾಡುವುದು) ಒಂದನ್ನೇ ಮಾಡಿದರೆ ಸುಣ್ಣದಂಥ ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣಬಹುದು. ಇದಕ್ಕೆ ಬೇಕಾದದ್ದು ಮೈಕ್ರೋಅಬ್ರೇಶನ್: ರಬ್ಬರ್ ಹಾಳೆ ಕಟ್ಟಿ, ಆಸಿಡ್ ಮತ್ತು ಸಿಲಿಕಾನ್ ಕಾರ್ಬೈಡ್ ಪುಡಿಯ ಪೇಸ್ಟಿನಿಂದ ಎನಾಮಲ್‌ನ ತೆಳು ಪದರ ಉಜ್ಜಿ ತೆಗೆಯುವುದು. ಆಮೇಲೆ ಬೇಕಾದರೆ ಬ್ಲೀಚ್. ಕಲೆ ಆಳವಾಗಿದ್ದರೆ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅಥವಾ ವೆನೀರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ). ಇದೆಲ್ಲ ದಂತವೈದ್ಯರ ಕೆಲಸ, ಹುಬ್ಬು ತೆಗೆಯುವ ಕುರ್ಚಿಯ ಕೆಲಸ ಅಲ್ಲವೇ ಅಲ್ಲ.

ಇನ್ನು ಒಸಡು. ದಂತವೈದ್ಯರು ಕ್ಲಿನಿಕ್ಕಿನಲ್ಲಿ ಹಚ್ಚುವ ಜೆಲ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ. 25–40 ಇರುತ್ತದೆ. ಅದಕ್ಕೇ ಮೊದಲು ಒಸಡಿನ ಅಂಚಿಗೆ ರಾಳದ ಕಟ್ಟೆ ಹಾಕಿ, ಲೈಟ್ ಹಿಡಿದು ಗಟ್ಟಿ ಮಾಡುತ್ತಾರೆ. ಇಲ್ಲಿ ಹಚ್ಚಿದ್ದು ವ್ಯಾಸಲಿನ್! ಜೆಲ್ ಬಾಟಲಿಗೆ ಲೇಬಲ್ಲೇ ಇಲ್ಲ, ಶೇಕಡಾ ಎಷ್ಟೋ ಹಚ್ಚುವವಳಿಗೂ ಗೊತ್ತಿಲ್ಲ. ಮುಂದಿನ ಹಲ್ಲುಗಳ ನಡುವಿನ ಒಸಡು ಮೊನೆ ಮೊನೆಯಾಗಿ ಬೆಳ್ಳಗಾಗಿತ್ತು, ಕಾದ ಹಾಲಿನ ಕೆನೆಯಂತೆ. ಉತ್ತರ? ‘ಔಷಧ ಹಿಡದೈತಿ ಅಂತ ಅರ್ಥರಿ.’ ಹಿಡಿದದ್ದಲ್ಲ, ಸುಟ್ಟದ್ದು. ಪಾರ್ಲರಿನವರು ಹಲ್ಲಿಗೆ ಹಿಡಿಯುವ ನೀಲಿ ಲೈಟಿಗೂ ಮರುಳಾಗಬೇಡಿ, ಬಿಳುಪು ಮಾಡುವುದು ಜೆಲ್, ಲೈಟಲ್ಲ.

ಗುಟ್ಕಾ, ಚಹಾ ಕಲೆಯಾದರೆ ಸ್ಕೇಲಿಂಗ್ (ಹಲ್ಲಿಗೆ ಅಂಟಿದ ಪಾಚಿ ಕೆರೆದು ತೆಗೆಯುವುದು), ಪಾಲಿಶ್ ಸಾಮಾನ್ಯವಾಗಿ ಸಾಕು. ಕ್ಯಾಪ್, ಫಿಲ್ಲಿಂಗ್ ಯಾವ ಜೆಲ್‌ಗೂ ಬೆಳ್ಳಗಾಗುವುದಿಲ್ಲ. ಶೇಡ್ ಫೋಟೋ ಬಾಯಿ ಒಣಗುವ ಮೊದಲೇ ತೆಗೆಸಿ, ಎರಡು ವಾರ ಬಿಟ್ಟು ಅದೇ ಬೆಳಕಿನಲ್ಲಿ ಮತ್ತೆ ತೆಗೆಸಿ. ಪೂರ್ತಿ ರೊಕ್ಕ ಮೊದಲೇ ಕೇಳಿದರೆ ಎದ್ದು ಬನ್ನಿ.