ಹಳೇ ಗೇಮಿಂಗ್ ಪಿಸಿಗೆ ಅಪ್‌ಗ್ರೇಡೋ, ಹೊಸದೇ ಪಿಸಿಯೋ: ನನ್ನ ಓಟು ಹಳೆಯದಕ್ಕೆ

ಮನೆಯಲ್ಲಿ ಎಎಂ4 ಬೋರ್ಡ್ (ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರ್ ಕೂರುವ ಹಿಂದಿನ ತಲೆಮಾರಿನ ಮದರ್‌ಬೋರ್ಡ್) ಇದ್ದು ಅದು ಆರೋಗ್ಯವಾಗಿದ್ದರೆ, ಸದ್ಯಕ್ಕೆ ಹೊಸ ಪಿಸಿ ಕಟ್ಟಿಸಲು ಹೋಗಬೇಡಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡನ್ನೇ ಬದಲಿಸಿ. ನಾನು ಹಾಗೆ ಮಾಡಿದೆ, ನನ್ನ ತಮ್ಮ ಅದೇ ಹೊತ್ತಿಗೆ ಪೂರ್ತಿ ಹೊಸದು ಕಟ್ಟಿಸಿದ. ಎರಡರಲ್ಲೂ ಕೂತು ಆಡಿದ ಮೇಲೆ ಹೇಳುತ್ತಿರುವ ಮಾತು ಇದು.

ನನ್ನದು 2019ರ ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಜೋಡಿಸಿಕೊಂಡದ್ದು. ರೈಜೆನ್ 5 2600 ಪ್ರೊಸೆಸರ್, ಎಎಂ4 ವರ್ಗದ ಬಿ450 ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್. ಸೈಬರ್‌ಪಂಕ್ 2077 ಗೇಮಿನಲ್ಲಿ ಜನಜಂಗುಳಿ ಇರುವ ಬೀದಿಗೆ ಇಳಿದರೆ ಸಾಕು, ತಡವರಿಸುತ್ತಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಬೇರೆ ಮುಗಿಯಿತು. ಈಗ ಇದೇ ಬೋರ್ಡಿನಲ್ಲಿ ರೈಜೆನ್ 7 5700ಎಕ್ಸ್ ಕೂತಿದೆ. ತಮ್ಮನದು ಎಎಂ4ರ ಮುಂದಿನ ತಲೆಮಾರಾದ ಎಎಂ5 ಬೋರ್ಡ್, ರೈಜೆನ್ 5 7600, 32 ಜಿಬಿ ಡಿಡಿಆರ್5. ಕಾರ್ಡ್ ಮಾತ್ರ ಇಬ್ಬರದೂ ಒಂದೇ: ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು.

ಈ ಕಾರ್ಡನ್ನೇ ಆರಿಸಿದ್ದಕ್ಕೆ ಕಾರಣವಿದೆ. ಬಿ450 ಬೋರ್ಡಿನಲ್ಲಿ ಇರುವುದು ಪಿಸಿಐಇ 3.0, ಅಂದರೆ ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿಯ ಹಳೇ ಆವೃತ್ತಿ. ಆರ್‌ಟಿಎಕ್ಸ್ 5060 ಕಾರ್ಡು ಆ ದಾರಿಯಲ್ಲಿ ಬಳಸುವುದು ಎಂಟೇ ಲೇನ್. ಹಳೇ ಬೋರ್ಡಿನಲ್ಲಿ ಅದರ ದಾರಿ ಇನ್ನೂ ಕಿರಿದಾಗುತ್ತದೆ, 8 ಜಿಬಿ ಮೆಮೊರಿ ತುಂಬಿ ಹೊರಚೆಲ್ಲಿದಾಗ ಅದರ ಪೆಟ್ಟು ಗೊತ್ತಾಗುತ್ತದೆ. 9060 ಎಕ್ಸ್‌ಟಿ ಹದಿನಾರು ಲೇನ್‌ಗಳ ಕಾರ್ಡು, ಮೆಮೊರಿಯೂ ಧಾರಾಳ. ನನ್ನ ಕಾರ್ಡಿಗೆ 8 ಪಿನ್‌ನ ಒಂದೇ ವೈರು ಸಾಕಾಯಿತು, ಹಾಗಾಗಿ ಹಳೇ 550 ವ್ಯಾಟ್ ಪವರ್ ಸಪ್ಲೈಯನ್ನೂ ಮುಟ್ಟಬೇಕಾಗಲಿಲ್ಲ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ಕಾರ್ಡು, ಪ್ರೊಸೆಸರ್ ಎರಡೂ ಸಲೀಸಾಗಿ ಕೂತವು. ಕಾಡಿದ್ದು ಡಿಸ್ಕಿನ ಪಾರ್ಟಿಷನ್!

ನನ್ನ ವಿಂಡೋಸ್ ಇದ್ದದ್ದು ಹಳೇ ಎಂಬಿಆರ್ ಪದ್ಧತಿಯ (ಪಾರ್ಟಿಷನ್, ಅಂದರೆ ಡಿಸ್ಕಿನ ಹೋಳುಗಳ, ವಿವರ ಬರೆದಿಡುವ ಹಳೇ ರೀತಿ) ಡಿಸ್ಕಿನಲ್ಲಿ, ಬಯೋಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಸಿಎಸ್‌ಎಂ, ಅಂದರೆ ಹಳೇ ರೀತಿಯಲ್ಲಿ ಬೂಟ್ ಆಗಲು ಬಿಡುವ ಸೆಟ್ಟಿಂಗ್, ಆನ್ ಆಗಿತ್ತು. ಹಾಗಿರುವಾಗ ಸೆಕ್ಯೂರ್ ಬೂಟ್ (ನಂಬಿಕಸ್ತ ಸಾಫ್ಟ್‌ವೇರನ್ನಷ್ಟೇ ಶುರುವಾಗಲು ಬಿಡುವ ರಕ್ಷಣೆ) ಆಗುವುದಿಲ್ಲ, ರೀಸೈಜಬಲ್ ಬಾರ್ (ಪ್ರೊಸೆಸರಿಗೆ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ತೆರೆದಿಡುವ ಸೌಲಭ್ಯ) ಆನ್ ಆಗುವುದಿಲ್ಲ, ವಿಂಡೋಸ್ 11 ಒಳಗೇ ಬಿಡುವುದಿಲ್ಲ. ಬ್ಯಾಟಲ್‌ಫೀಲ್ಡ್ 6 ಗೇಮಿಗೆ ಸೆಕ್ಯೂರ್ ಬೂಟ್ ಬೇಕೇ ಬೇಕು. ವಿಂಡೋಸ್ 11ರ ಮೇಲೆ ವ್ಯಾಲೊರಂಟ್ ಅದರ ಜೊತೆಗೆ ಟಿಪಿಎಂ 2.0 (ಪಿಸಿಯೊಳಗಿನ ಒಂದು ಭದ್ರತಾ ವ್ಯವಸ್ಥೆ) ಕೂಡ ಕೇಳುತ್ತದೆ. ಡಿಸ್ಕನ್ನು ಹೊಸ ಪದ್ಧತಿಯಾದ ಜಿಪಿಟಿಗೆ ತಿರುಗಿಸದೆ ಇದ್ಯಾವುದೂ ನಡೆಯದು.

ತಿರುಗಿಸಲು ವಿಂಡೋಸ್ ಒಳಗೇ ಎಂಬಿಆರ್2ಜಿಪಿಟಿ ಎಂಬ ಸಾಧನ ಇದೆ, ಡೇಟಾ ಅಳಿಸದೆ ಕೆಲಸ ಮಾಡುತ್ತದೆ. ಆದರೆ ಪ್ರತಿ ಸಲವೂ ಪರಿಶೀಲನೆಯ ಹಂತದಲ್ಲೇ ನಿಂತುಬಿಡುತ್ತಿತ್ತು, ಏಕೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಕೊನೆಗೆ ಸಿಕ್ಕ ಕಾರಣ ಹೀಗಿದೆ: ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ (ಮುಖ್ಯ) ಪಾರ್ಟಿಷನ್ ಇರಕೂಡದು, ಒಳಗೆ ಇನ್ನಷ್ಟು ಹೋಳುಗಳನ್ನು ಹಿಡಿದಿಡುವ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಅಂತೂ ಇರಲೇಕೂಡದು. ನಮ್ಮಲ್ಲಿ ಪಿಸಿ ಜೋಡಿಸುವವರು ಕೇಳದೆಯೇ ಸಿ, ಡಿ, ಇ ಎಂದು ಡ್ರೈವ್ ಹೋಳು ಮಾಡಿ ಕೊಡುತ್ತಾರಲ್ಲ, ನನ್ನದೂ ಹಾಗೇ ಇತ್ತು. ವಿಂಡೋಸ್ ತಾನೇ ಮಾಡಿಕೊಳ್ಳುವ ಸಣ್ಣ ಪಾರ್ಟಿಷನ್ ಸೇರಿ ನಾಲ್ಕಾಗಿದ್ದವು. ಇ ಡ್ರೈವಿನಲ್ಲಿದ್ದ ಫೋಟೊ, ಮದುವೆ ವಿಡಿಯೊ ಎಲ್ಲವನ್ನೂ ಎಕ್ಸ್‌ಟರ್ನಲ್ ಡಿಸ್ಕಿಗೆ ಸಾಗಿಸಿ, ಆ ಪಾರ್ಟಿಷನ್ ಅಳಿಸಿದ ಮೇಲೆಯೇ ಅದು ಒಪ್ಪಿದ್ದು. ನಂತರ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಿದರೆ ಎಲ್ಲವೂ ಒಂದರ ಹಿಂದೆ ಒಂದು ತೆರೆದುಕೊಂಡವು. ನೀವು ಅಪ್‌ಗ್ರೇಡ್ ಯೋಚಿಸುತ್ತಿದ್ದರೆ ಸಾಮಾನು ಕೊಳ್ಳುವ ಮುಂಚೆಯೇ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಈ ಒಂದನ್ನು ನೋಡಿಕೊಳ್ಳಿ.

ಬಯೋಸ್ ಅಪ್‌ಡೇಟನ್ನು ಹಳೇ ಪ್ರೊಸೆಸರ್ ಇರುವಾಗಲೇ ಮುಗಿಸಿ, ಯುಪಿಎಸ್ ಮೇಲೆ ಮಾತ್ರ. ನಡುವೆ ಕರೆಂಟ್ ಹೋದರೆ ಬೋರ್ಡ್ ಕೈಕೊಡಬಹುದು. ಕೂಲರ್ ತೆಗೆಯುವ ಮುಂಚೆ ಸ್ವಲ್ಪ ಹೊತ್ತು ಗೇಮ್ ಆಡಿ, ಕೂಲರಿಗೂ ಪ್ರೊಸೆಸರಿಗೂ ನಡುವಿನ ಪೇಸ್ಟ್ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಮೆಲ್ಲಗೆ ತಿರುಚಿ ಎತ್ತಿ. ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇರುವುದರಿಂದ ಅದು ಕೂಲರಿಗೆ ಅಂಟಿಕೊಂಡೇ ಕಿತ್ತು ಬರುವುದುಂಟು. 5700ಎಕ್ಸ್ ಬಾಕ್ಸಿನಲ್ಲಿ ಕೂಲರ್ ಬರುವುದಿಲ್ಲ, ಅದರ ದುಡ್ಡು ಬೇರೆ ಇಟ್ಟುಕೊಳ್ಳಿ.

ತಮ್ಮನ ಪಿಸಿಯಲ್ಲಿ ಈ ರಗಳೆ ಒಂದೂ ಇರಲಿಲ್ಲ. ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ಮೆಮೊರಿ ಹೊಂದಿಸಿಕೊಳ್ಳುವವರೆಗೆ ಸ್ಕ್ರೀನ್ ಕಪ್ಪಗೇ ಇತ್ತು, ಅಷ್ಟೆ. ಕೌಂಟರ್-ಸ್ಟ್ರೈಕ್ 2ರಲ್ಲಿ ಅವನದು ನನ್ನದಕ್ಕಿಂತ ಖಂಡಿತ ಮುಂದು. ಮುಂದಿನ ಪ್ರೊಸೆಸರುಗಳೂ ಅವನ ಬೋರ್ಡಿಗೆ ಬರುತ್ತವೆ; ಎಎಂ5ಗೆ 2027 ಮತ್ತು ಅದರಾಚೆಗೂ ಸಪೋರ್ಟ್ ಎಂದು ಎಎಂಡಿ ಹೇಳಿದೆ. ಎಎಂ4ನಲ್ಲಿ ಇನ್ನು ಹೆಚ್ಚು ಮೇಲೆ ಹೋಗಲು ಜಾಗವಿಲ್ಲ.

ಆದರೆ ನನ್ನ ಮಾನಿಟರ್ 1080ಪಿ, 144 ಹರ್ಟ್ಸ್. ಆಫೀಸ್ ಮುಗಿಸಿ ರಾತ್ರಿ ಆಡುವುದು ಸೈಬರ್‌ಪಂಕ್, ಫೋರ್ಜಾ ಹೊರೈಜನ್ 5ರಂಥ ಒಂಟಿ ಆಟಗಳು. ಅವುಗಳಲ್ಲಿ ಎರಡೂ ಪಿಸಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ನನಗಾದ ಖರ್ಚು ಸುಮಾರು 55,000 ರೂಪಾಯಿ. ತಮ್ಮನದು ಲಕ್ಷದ ಗಡಿ ದಾಟಿತು. ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಹಾರಿದ್ದು ಅದರಲ್ಲಿ ದೊಡ್ಡ ಪಾಲು. ನಾನು ಹಳೇ ಡಿಡಿಆರ್4 ಉಳಿಸಿಕೊಂಡದ್ದರಿಂದ ಆ ಏಟು ನನಗೆ ತಗಲಲಿಲ್ಲ.

ಗೇಮಿಂಗ್ ಲ್ಯಾಪ್‌ಟಾಪನ್ನೂ ನೋಡಿದ್ದೆ: ಅದೇ ದುಡ್ಡಿಗೆ ಈ ಮಟ್ಟದ ಕಾರ್ಡು ಸಿಗಲಿಲ್ಲ, ಬಿಟ್ಟೆ.

ಹೊಸದನ್ನೇ ಕೊಳ್ಳಿ ಎಂದು ನಾನು ಹೇಳುವುದು ಡಿಡಿಆರ್3 ಕಾಲದ, ನಾಲ್ಕನೇ ತಲೆಮಾರಿನ ಇಂಟೆಲ್ ಐ5 ಇಟ್ಟುಕೊಂಡವರಿಗೆ. ಆ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ, ಬೋರ್ಡಿನಲ್ಲಿ ಮುಂದಕ್ಕೆ ಹೋಗಲು ದಾರಿಯೂ ಇಲ್ಲ. ನನ್ನ 2600 ಮತ್ತು 1660 ಸೂಪರ್ ಎರಡನ್ನೂ ಸೆಕೆಂಡ್ ಹ್ಯಾಂಡ್‌ಗೆ ಕೊಡಬೇಕೆಂದಿದ್ದೇನೆ. ಬಂದ ದುಡ್ಡನ್ನು ಎನ್‌ವಿಎಂಇ ಎಂಬ ವೇಗದ ಎಸ್‌ಎಸ್‌ಡಿ ಡ್ರೈವಿಗೆ ಹಾಕುತ್ತೇನೆ, ಇನ್ನೊಂದು 16 ಜಿಬಿ ರ‍್ಯಾಮ್ ಬೆಲೆ ಇಳಿಯುವ ತನಕ ಕಾಯಲಿ.