ಮಡಿಕೇರಿಯ ಮಕ್ಕಳ ಮೈಂಡ್‌ಫುಲ್‌ನೆಸ್ ಕ್ಲಾಸ್: ಚಿಕ್ಕವರಿಗೆ ಖಂಡಿತ ಸೇರಿಸಿ, ದೊಡ್ಡವರಿಗೆ ಸ್ವಲ್ಪ ಯೋಚಿಸಿ

ಚಿತ್ರ, ಮಣ್ಣು, ಬಣ್ಣ ಇಟ್ಟುಕೊಂಡು ಮಕ್ಕಳಿಗೆ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ಮಾಡುತ್ತಿರುವುದಕ್ಕೆ ಪೂರ್ತಿ ಗಮನ ಕೊಡುವುದನ್ನು, ಕಲಿಸುವ ಒಂದು ವಾರಾಂತ್ಯದ ಕ್ಲಾಸ್ ಮಡಿಕೇರಿಯಲ್ಲಿದೆ. ಮಳೆಗಾಲದ ಶುರುವಿನಲ್ಲಿ ಮಗಳನ್ನು ಸೇರಿಸಿದ್ದೆ, ಈಗ ಒಂದು ಟರ್ಮ್ ಮುಗಿದಿದೆ. ಸೇರಿಸಬಹುದಾ ಅಂತ ಪರಿಚಯದವರು ಕೇಳುತ್ತಲೇ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಮಗುವಿಗೆ ಆರರಿಂದ ಹತ್ತು ವರ್ಷ ಆಗಿದ್ದರೆ ಕಣ್ಣು ಮುಚ್ಚಿ ಸೇರಿಸಿ.

ಇಲ್ಲಿ ಯಾರೂ ಮಕ್ಕಳನ್ನು ಸಾಲಾಗಿ ಕೂರಿಸಿ 'ಅಲ್ಲಾಡಬೇಡಿ, ಉಸಿರು ಗಮನಿಸಿ' ಅನ್ನುವುದಿಲ್ಲ. ಕೈಗೆ ಒಂದು ಕೆಲಸ ಕೊಡುತ್ತಾರೆ, ಅಷ್ಟೇ. ಎಲೆ ಅಚ್ಚಿನ ದಿನ ಪೋಷಕರಿಗೂ ಕೂರಲು ಬಿಟ್ಟಿದ್ದರು. ಅರೇಬಿಕಾ ಕಾಫಿ ಎಲೆ, ರೋಬಸ್ಟಾ ಕಾಫಿ ಎಲೆ, ಕರಿಮೆಣಸಿನ ಬಳ್ಳಿಯ ಎಲೆ ಒಂದೊಂದು ಕೊಟ್ಟರು. ಬಣ್ಣ ಹಚ್ಚುವ ಮೊದಲು ಎಲೆಯನ್ನು ತಿರುಗಿಸಿ, ನರದ ಮೇಲೆ ಬುಡದಿಂದ ತುದಿವರೆಗೆ ನಿಧಾನವಾಗಿ ಬೆರಳಾಡಿಸಬೇಕು, ಬೆರಳು ತುದಿ ಮುಟ್ಟುವಷ್ಟರಲ್ಲಿ ಉಸಿರು ಪೂರ್ತಿ ಬಿಟ್ಟಿರಬೇಕು. ಆಮೇಲೆ ಬಣ್ಣ, ಆಮೇಲೆ ಕಾಗದ. ತೋಟದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಅವತ್ತು ರೋಬಸ್ಟಾ ಎಲೆ ಹಿಡಿದುಕೊಂಡು, 'ಅಮ್ಮಾ, ನಡುವಿನ ನರಕ್ಕೆ ಪಕ್ಕದ ನರ ಸೇರುವ ಮೂಲೆ ಮೂಲೆಯಲ್ಲೂ ಒಂದು ಸಣ್ಣ ಗುಳಿ ಇದೆ ನೋಡು' ಅಂದಳು. ನಾನು ಬಗ್ಗಿ ನೋಡಿದೆ, ಹೌದು, ಇದೆ. ಗಮನ ಅಂದರೆ ಇದೇ ಅಲ್ವಾ? ಮನೆಗೆ ಬಂದ ಮೇಲೂ ಗಿಡ ಗಿಡದ ಎಲೆ ತಿರುಗಿಸಿ ನೋಡಿದಳು.

ಇನ್ನೊಂದು ದಿನ ಕಿತ್ತಳೆ. ಅಮೆರಿಕದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನಲ್ಲಿ ರೋಗಿಗಳಿಗಾಗಿ ಶುರು ಮಾಡಿದ ಎಂಟು ವಾರದ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ತಿನ್ನುವ ಅಭ್ಯಾಸವಿದೆ. ಇಲ್ಲಿನ ಟೀಚರ್ ದ್ರಾಕ್ಷಿ ಬಿಟ್ಟು ನಮ್ಮ ಕೊಡಗಿನ ಕಿತ್ತಳೆ ಹಿಡಿದರು. ಸಿಪ್ಪೆ ಸುಲಿಯುವಾಗ ಚಿಮ್ಮುವ ಎಣ್ಣೆ, ಬೆರಳಿಗೆ ಅಂಟುವ ವಾಸನೆ, ಬಾಯಲ್ಲಿ ಒಡೆಯುವ ತೊಳೆ. ತಿಂದಾದ ಮೇಲೆ ಆ ರುಚಿಗೆ ಯಾವ ಬಣ್ಣ ಅನ್ನಿಸಿತೋ ಅದನ್ನು ಹಚ್ಚಬೇಕು. ಒಬ್ಬ ಹುಡುಗ ಪೂರ್ತಿ ಹಾಳೆ ನೇರಳೆ ಮಾಡಿದ. 'ಕಿತ್ತಳೆಗೆ ನೇರಳೆ ಯಾಕೋ' ಅಂತ ಟೀಚರ್ ಕೇಳಲಿಲ್ಲ, ಅದು ನನಗೆ ತುಂಬಾ ಹಿಡಿಸಿತು.

ಆದರೆ ಟೀಚರ್ ಮೇಲೆ ನಿಜವಾದ ಗೌರವ ಬಂದಿದ್ದು ಮಳೆ ಗೆರೆಯ ದಿನ. ಕ್ಲಾಸ್ ನಡೆಯುವ ಜಾಗಕ್ಕೆ ಶೀಟಿನ ಮಾಡು. ಜೋರು ಮಳೆ ಬಂದರೆ ಮಾತೇ ಕೇಳಿಸುವುದಿಲ್ಲ. ಆ ಸದ್ದನ್ನೇ ಪಾಠ ಮಾಡಿದರು. ಕೇಳಿದ ಹಾಗೆ ಇದ್ದಿಲಿನಲ್ಲಿ ಗೆರೆ ಎಳೆಯುತ್ತಾ ಹೋಗಬೇಕು, ಮಳೆ ಜೋರಾದರೆ ಗೆರೆ ದಪ್ಪ, ಇಳಿದರೆ ತೆಳು. ಮಕ್ಕಳೆಲ್ಲ ಖುಷಿಯಾಗಿದ್ದರು, ಒಬ್ಬಳನ್ನು ಬಿಟ್ಟು. ಅವರ ಮನೆ ಇಳಿಜಾರಿನಲ್ಲಿದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಅವಳು ಹುಟ್ಟಿರಲೇ ಇಲ್ಲ, ಆದರೆ ಜೋರು ಮಳೆ ಬಂದರೆ ರಾತ್ರಿಯೆಲ್ಲಾ ಎದ್ದು ಕೂರುವ ಮನೆಯಲ್ಲಿ ಬೆಳೆಯುವ ಮಗುವಿಗೆ ಆ ಸದ್ದು ಆಟ ಹೇಗಾಗುತ್ತದೆ? ಟೀಚರ್ ಅವಳನ್ನು ಒತ್ತಾಯ ಮಾಡಲಿಲ್ಲ, 'ಹೆದರಬೇಡ' ಅಂತಲೂ ಹೇಳಲಿಲ್ಲ. ಒಂದು ಉಂಡೆ ಮಣ್ಣು ಕೊಟ್ಟು, ಪಾದ ನೆಲಕ್ಕೆ ಊರಿಸಿ, ಪಕ್ಕದಲ್ಲೇ ಕೂತು ತಾವೂ ನಾದತೊಡಗಿದರು. ಗಮನ ಕೊಟ್ಟಷ್ಟೂ ಭಯ ಜಾಸ್ತಿಯಾಗುವ ಮಕ್ಕಳೂ ಇರುತ್ತಾರೆ. ಕಲಿಸುವವರಿಗೆ ಇದು ಗೊತ್ತಿರಲೇಬೇಕು, ಇವರಿಗೆ ಗೊತ್ತಿದೆ.

ಈಗ ಬೇಸರದ ವಿಷಯ. ಟರ್ಮಿನ ಕೊನೆಗೆ ಪ್ರದರ್ಶನ ಇಟ್ಟು ಮೊದಲ, ಎರಡನೇ ಬಹುಮಾನ ಕೊಟ್ಟರು. ಅಷ್ಟು ದಿನ 'ಚಂದ, ಚಂದ ಇಲ್ಲ ಅನ್ನೋದು ಇಲ್ಲಿ ಇಲ್ಲ' ಅಂತ ಹೇಳಿಕೊಟ್ಟವರು ಹೀಗೆ ಮಾಡಬಾರದಿತ್ತು. ನನ್ನ ಮಗಳು ಆವತ್ತಿನಿಂದ ಚಿತ್ರ ಬರೆದ ತಕ್ಷಣ 'ಚೆನ್ನಾಗಿದೆಯಾ' ಅಂತ ಕೇಳುತ್ತಾಳೆ, ಮೊದಲು ಕೇಳುತ್ತಿರಲಿಲ್ಲ. ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಲು ಕ್ಲಾಸಿನ ಮಧ್ಯೆ ಫೋಟೋ ತೆಗೆಯುವುದೂ ನಿಲ್ಲಬೇಕು. ಕ್ಯಾಮೆರಾ ಬಂದ ಕೂಡಲೇ ಮಕ್ಕಳ ತಲೆ ಮೇಲೇಳುತ್ತದೆ.

ಕರಪತ್ರದಲ್ಲಿ 'ಏಕಾಗ್ರತೆ ಹೆಚ್ಚಿ ಮಾರ್ಕ್ಸ್ ಜಾಸ್ತಿ ಬರುತ್ತದೆ' ಅಂತ ಹಾಕಿದ್ದಾರೆ, ಅದನ್ನು ನಂಬಿ ಸೇರಿಸಬೇಡಿ. ಬ್ರಿಟನ್ನಿನ 85 ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಡ್ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. 11ರಿಂದ 14 ವರ್ಷದವರಿಗೆ ಶಾಲೆಯ ಟೀಚರ್‌ಗಳೇ ಮೈಂಡ್‌ಫುಲ್‌ನೆಸ್ ಕಲಿಸಿದರೂ ಮಾಮೂಲಿ ಪಾಠಕ್ಕಿಂತ ಮನಸ್ಸಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಹೆಚ್ಚಿನವರು ಮನೆಯಲ್ಲಿ ಅಭ್ಯಾಸವನ್ನೇ ಮಾಡಲಿಲ್ಲ. ಇಲ್ಲೂ ನೋಡಿದೆ, ಏಳನೇ ಕ್ಲಾಸಿನ ಹುಡುಗರಿಗೂ ಆರು ವರ್ಷದವರ ಜೊತೆ ಅದೇ ಎಲೆ ಅಚ್ಚು ಕೊಟ್ಟರೆ ಅವರು ಕಿಟಕಿ ನೋಡುತ್ತಾ ಕೂರುತ್ತಾರೆ. ಅವರಿಗೆ ಬೇರೆ ಬ್ಯಾಚ್ ಮಾಡುವವರೆಗೆ ಕಾಯುವುದೇ ಒಳ್ಳೆಯದು. ಮಗುವಿಗೆ ನಿದ್ದೆ ಬಾರದಷ್ಟು ಭಯವೋ, ಶಾಲೆಗೇ ಹೋಗಲಾರದ ಆತಂಕವೋ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ, ಇದು ಚಿಕಿತ್ಸೆ ಅಲ್ಲ.

ಸೇರಿಸುವವರಿಗೆ ಒಂದೆರಡು ಮಾತು. ಹಳೇ ಬಟ್ಟೆ ಹಾಕಿ ಕಳಿಸಿ, ಇದ್ದಿಲು ಬೇಗ ಹೋಗುವುದಿಲ್ಲ. ಮಳೆಗಾಲದಲ್ಲಿ ಒಂದು ಸ್ವೆಟರ್, ಒಂದು ಜೊತೆ ಒಣ ಸಾಕ್ಸ್ ಬ್ಯಾಗಿನಲ್ಲಿರಲಿ, ನೆಲ ತಣ್ಣಗಿರುತ್ತದೆ. ಮುಂದಿನ ಟರ್ಮಿಗೆ ನಾನಂತೂ ಮತ್ತೆ ಫೀಸು ಕಟ್ಟಿದ್ದೇನೆ. ಬಹುಮಾನ ಬೇಡ ಅಂತ ಫಾರಮ್ಮಿನ ಹಿಂದೆ ಬರೆದುಕೊಟ್ಟಿದ್ದೇನೆ, ನೀವೂ ಬರೆಯಿರಿ. ನಾಲ್ಕು ಜನ ಕೇಳಿದರೆ ಅವರು ಖಂಡಿತ ಬದಲಾಯಿಸುತ್ತಾರೆ.