ಬಳ್ಳಾರಿಯ ಮನೆಯಲ್ಲಿ ಓಡುವುದಕ್ಕೆ ಯಾವ ಟ್ರೆಡ್‌ಮಿಲ್? ಓಡಿ ನೋಡಿದ ಮೇಲಿನ ಹೋಲಿಕೆ

ಟ್ರೆಡ್‌ಮಿಲ್ ಅಂಗಡಿಗೆ ಹೋದರೆ ಮೊದಲು ತೋರಿಸುವುದು ಪರದೆ, ಬ್ಲೂಟೂತ್ ಸ್ಪೀಕರ್, ಮೊಬೈಲ್ ಆ್ಯಪ್. ನಿಜವಾಗಿ ಓಡುವವರಿಗೆ ಇವು ಲೆಕ್ಕಕ್ಕಿಲ್ಲ. ಬೆಲ್ಟು ಎಷ್ಟುದ್ದ ಇದೆ, ಮೋಟರು ಎಡೆಬಿಡದೆ ಎಷ್ಟು ಹೊತ್ತು ಎಳೆಯುತ್ತದೆ, ನಮ್ಮೂರಿನ ಕೆಂಪು ಧೂಳು, ಬಿಸಿಲು, ವೋಲ್ಟೇಜುಗಳನ್ನು ಯಂತ್ರ ತಾಳುತ್ತದೆಯೇ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕೊಳ್ಳುವ ಮುಂಚೆ ನೆಂಟರ ಮನೆ, ಪಕ್ಕದ ಮನೆ, ಗೆಳತಿಯ ಮನೆ, ಜಿಮ್ಮು ಅಂತ ಸಿಕ್ಕ ಕಡೆಯೆಲ್ಲ ಓಡಿ ನೋಡಿದೆ. ಕಂಪನಿಗಳ ಮಾಡೆಲ್ ಹೆಸರು ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಬಗೆಗಳನ್ನೇ ಇಟ್ಟು ಹೋಲಿಸುತ್ತೇನೆ.

ಮನೆಯೊಳಗೇ ಯಾಕೆ ಅಂದರೆ, ಮಾರ್ಚ್ ಮುಗಿಯುವ ಹೊತ್ತಿಗೆ ಇಲ್ಲಿ ಬೆಳಗಿನ ಬಿಸಿಲೇ ಚುರುಗುಟ್ಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಹೊಸದೇನಲ್ಲ. ಕತ್ತಲಿರುವಾಗಲೇ ಹೊರಡೋಣ ಅಂದರೆ ಬೀದಿನಾಯಿಗಳ ಹಿಂಡು; ಒಂಟಿ ಹೆಂಗಸಿಗೆ ಆ ಹೊತ್ತಿನ ರಸ್ತೆಯ ಚಿಂತೆ ಬೇರೆ. ಊರ ಹೊರಗಿನ ರಸ್ತೆ ಹಿಡಿದರೆ ಅದಿರು ಲಾರಿಗಳ ಧೂಳು. ಚಳಿಗಾಲದಲ್ಲಿ ನಾನು ಈಗಲೂ ಹೊರಗೇ ಓಡುತ್ತೇನೆ. ಬೇಸಿಗೆಗೆ ಮಾತ್ರ ಯಂತ್ರ ಬೇಕೇ ಬೇಕು ಅನ್ನಿಸಿತು.

ಮೊದಲು ಓಡಿದ್ದು, ಓಡಿದ್ದು ಅನ್ನುವುದಕ್ಕಿಂತ ನಡೆದಿದ್ದು, ನಾದಿನಿಯ ಮನೆಯ ವಾಕಿಂಗ್ ಪ್ಯಾಡ್ ಮೇಲೆ. ಮಂಚದ ಕೆಳಗೆ ತಳ್ಳಿಬಿಡಬಹುದು, ಒಬ್ಬರೇ ಎಳೆದುಕೊಳ್ಳಬಹುದು, ಸದ್ದು ಕಡಿಮೆ. ಹದಿನೈದು ಇಪ್ಪತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ. ಆದರೆ ಈ ಬಗೆಯ ಹೆಚ್ಚಿನವು ಗಂಟೆಗೆ 6 ಕಿ.ಮೀ.ಗೇ ನಿಲ್ಲುತ್ತವೆ. ಅದು ಬಿರುಸು ನಡಿಗೆ ಅಷ್ಟೆ. ಬೆಲ್ಟಿನ ಅಗಲ 40 ಸೆಂ.ಮೀ. ಹತ್ತಿರ, ಸ್ವಲ್ಪ ಓರೆಯಾಗಿ ಕಾಲಿಟ್ಟರೂ ಅಂಚಿನ ಪ್ಲಾಸ್ಟಿಕ್ ತುಳಿಯುತ್ತೇವೆ. ಊಟ ಆದ ಮೇಲೆ ಅರ್ಧ ಗಂಟೆ ನಡೆಯುವ ನಾದಿನಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಅತ್ತೆ ಮಾವನಿಗೆ ಅಂತ ತರುವವರು ಮಾತ್ರ ಒಂದು ವಿಷಯ ಗಮನಿಸಬೇಕು: ಬಹಳಷ್ಟು ಪ್ಯಾಡುಗಳಿಗೆ ಹಿಡಿಕೆಯೇ ಇರುವುದಿಲ್ಲ. ವಯಸ್ಸಾದವರಿಗೆ ಕೈಗೆ ಆಸರೆ ಇಲ್ಲದ ಬೆಲ್ಟು ಬೇಡವೇ ಬೇಡ.

ಎರಡನೆಯದು ಮಡಚುವ ಸಾಮಾನ್ಯ ಟ್ರೆಡ್‌ಮಿಲ್. ಇಪ್ಪತ್ತೈದರಿಂದ ನಲವತ್ತು ಸಾವಿರದೊಳಗೆ ಬರುವ, ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಬಗೆ. ಪಕ್ಕದ ಮನೆಯವರು ತಂದು ಮೂಲೆಗಿಟ್ಟಿದ್ದರು, ಒಂದು ಬೇಸಿಗೆಯಿಡೀ ನನಗೆ ಬಿಟ್ಟುಕೊಟ್ಟರು. ಅದರ ಮೇಲೆ ದಪ್ಪಕ್ಷರದಲ್ಲಿ "4 ಎಚ್‌ಪಿ ಪೀಕ್" ಅಂತ ಬರೆದಿತ್ತು. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ನಾಲ್ಕು ಎಚ್‌ಪಿ ಅಂದರೆ ಹೆಚ್ಚುಕಡಿಮೆ 3000 ವ್ಯಾಟ್. ಆ ಯಂತ್ರಕ್ಕೆ ಇದ್ದದ್ದು 6 ಆಂಪಿಯರಿನ ಸಣ್ಣ ಪ್ಲಗ್ಗು. 230 ವೋಲ್ಟಿನಲ್ಲಿ ಆ ಪ್ಲಗ್ಗು ಕೊಡಬಲ್ಲದ್ದೇ 1380 ವ್ಯಾಟ್, ಅಂದರೆ ಎರಡು ಎಚ್‌ಪಿಗೂ ಕಡಿಮೆ. ಪೀಕ್ ಅನ್ನುವುದು ಮೋಟರು ಕ್ಷಣಕಾಲ ಮುಟ್ಟುವ ಅಂಕಿ. ನಮಗೆ ಬೇಕಾದದ್ದು ಕಂಟಿನ್ಯೂಯಸ್ ಎಚ್‌ಪಿ, ಡಬ್ಬದ ಮೇಲೆ ಸಿಎಚ್‌ಪಿ ಅಂತಿರುತ್ತದೆ. ನಡಿಗೆಗೆ ಒಂದೂವರೆ ಎರಡು ಸಾಕು, ಓಟಕ್ಕೆ ಎರಡೂವರೆ ಮೂರು ಇರಲಿ. ಆ ಅಂಕಿಯನ್ನು ಎಲ್ಲಿಯೂ ಬರೆಯದ ಕಂಪನಿಯ ಯಂತ್ರವನ್ನು ಓಟಕ್ಕೆ ಅಂತ ಕೊಳ್ಳಬೇಡಿ.

ಶಕ್ತಿ ಕಡಿಮೆ ಅನ್ನುವುದು ಕಾಲಿಗೇ ಗೊತ್ತಾಗುತ್ತದೆ. ಗಂಟೆಗೆ 8 ಕಿ.ಮೀ.ವರೆಗೆ ಎಲ್ಲ ಸರಿ ಇತ್ತು. 10ಕ್ಕೆ ಏರಿಸಿದ ಮೇಲೆ ಹೆಜ್ಜೆ ಬಿದ್ದಾಗಲೆಲ್ಲ ಬೆಲ್ಟು ಅರೆಕ್ಷಣ ಹಿಡಿದು ಆಮೇಲೆ ಜಾರುತ್ತಿತ್ತು. ಹಿಡಿ, ಜಾರು, ಹಿಡಿ, ಜಾರು. ಮಂಡಿಗೆ ಅದರ ಪೆಟ್ಟು ಸಂಜೆ ತಿಳಿಯುತ್ತಿತ್ತು. ಬೆಲ್ಟಿನ ಉದ್ದ 120 ಸೆಂ.ಮೀ. ಗಂಟೆಗೆ 10 ಕಿ.ಮೀ. ಅಂದರೆ ನಿಮಿಷಕ್ಕೆ 166 ಮೀಟರ್. ನಿಮಿಷಕ್ಕೆ 165 ಹೆಜ್ಜೆ ಹಾಕುವವರಿಗೆ ಹೆಜ್ಜೆ ಒಂದು ಮೀಟರ್. 12 ಕಿ.ಮೀ.ಗೆ ಹೋದರೆ ಹೆಜ್ಜೆ ಇನ್ನೂ ಹಿಗ್ಗುತ್ತದೆ. ಹಾಗಾಗಿ ಮುಂದೆ ಹೋದರೆ ಮೋಟರಿನ ಮುಚ್ಚಳಕ್ಕೆ ಬೆರಳು ತಾಕುವ ಭಯ, ಹಿಂದೆ ಸರಿದರೆ ಬೆಲ್ಟೇ ಮುಗಿಯುವ ಭಯ. ಓಟ ತಾನಾಗಿಯೇ ಮುದುಡಿಕೊಳ್ಳುತ್ತದೆ. ಐದಡಿ ಎತ್ತರದವರು ಇದರಲ್ಲಿ ನಿಧಾನವಾಗಿ ಜಾಗಿಂಗ್ ಮಾಡಬಹುದು. ಐದೂಮುಕ್ಕಾಲು ಅಡಿಯ ಗಂಡಸರಿಗೆ ಆಗುವುದಿಲ್ಲ.

ಬೇಸಿಗೆ ನಡುವೆ ಅದು ಅರ್ಧ ಗಂಟೆಗೇ ಬಿಸಿ ರಬ್ಬರಿನ ವಾಸನೆ ಹೊಡೆಯತೊಡಗಿತು. ರಿಪೇರಿ ಹುಡುಗ ಬಂದು ಮುಂದಿನ ಮುಚ್ಚಳ ಬಿಚ್ಚಿದ. ಒಳಗೆ ಮೋಟರಿನ ಫ್ಯಾನು, ಕಂಟ್ರೋಲರ್ ಬೋರ್ಡು, ವೈರುಗಳ ಮೇಲೆಲ್ಲ ಕಂದು ಧೂಳು ಒಂದು ಪದರ ಕೂತಿತ್ತು. ಬೆರಳಲ್ಲಿ ಒರೆಸಿದರೆ ಕುಂಕುಮ ಸವರಿದ ಹಾಗೆ ಕೆಂಪು. "ಅಕ್ಕಾ, ಇದು ಸಂಡೂರು ಕಡೀ ಮಣ್ರೀ. ಕಿಟಕಿ ಬಾಜೂಕ ಇಟ್ರ ಹಿಂಗಾ ಆಕ್ಕೈತಿ. ಬೆಲ್ಟ್ ಕೆಳಗ ಎಣ್ಣಿನೂ ಇಲ್ಲ, ಮೋಟ್ರು ಎಷ್ಟಂತ ಎಳೀಬೇಕು?" ಅಂದ. ಬೆಲ್ಟಿಗೂ ಹಲಗೆಗೂ ನಡುವೆ ಸಿಲಿಕೋನ್ ಎಣ್ಣೆ ಒಣಗಿದರೆ ತಿಕ್ಕಾಟ ಹೆಚ್ಚಿ ಮೋಟರು ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಬೋರ್ಡು ಸುಡುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಹಾಕುವವರಿದ್ದಾರೆ. ಅವು ಬೆಲ್ಟನ್ನು ಹಾಳು ಮಾಡುತ್ತವೆ, ಧೂಳನ್ನು ಅಂಟಿಸಿಕೊಳ್ಳುತ್ತವೆ. ಸಿಲಿಕೋನ್ ಎಣ್ಣೆ ಒಂದೇ ಸರಿ. ನಮ್ಮೂರಲ್ಲಿ ಪುಸ್ತಕದಲ್ಲಿ ಬರೆದಿರುವುದಕ್ಕಿಂತ ಬೇಗ ಬೇಗ ಹಾಕಬೇಕು, ವರ್ಷಕ್ಕೆ ಒಂದೆರಡು ಸಲವಾದರೂ ಪ್ಲಗ್ಗು ಕಿತ್ತು ಮುಚ್ಚಳ ಬಿಚ್ಚಿ ಧೂಳು ತೆಗೆಸಬೇಕು.

ನಿಜವಾದ ಪೈಪೋಟಿ ಇರುವುದು ಮೂರನೆಯ ಮತ್ತು ನಾಲ್ಕನೆಯ ಬಗೆಗಳ ನಡುವೆ. ಮೂರನೆಯದು 3 ಸಿಎಚ್‌ಪಿ ಡಿಸಿ ಮೋಟರಿನ ಭಾರದ ಮನೆ ಯಂತ್ರ: ಬೆಲ್ಟು 50 ಸೆಂ.ಮೀ. ಅಗಲ, 140 ಸೆಂ.ಮೀ. ಉದ್ದ, ತೂಕ ಒಂದು ಕ್ವಿಂಟಲ್ ಹತ್ತಿರ, ಬೆಲೆ ಮುಕ್ಕಾಲು ಲಕ್ಷದಿಂದ ಮೇಲಕ್ಕೆ. ತೋರಣಗಲ್ಲಿನ ಗೆಳತಿಯ ಮನೆಯಲ್ಲಿ ಓಡಿದೆ. ನಾಲ್ಕನೆಯದು ಜಿಮ್ಮಿನ ಎಸಿ ಮೋಟರ್ ಯಂತ್ರ. ಹೊಸದು ಮನೆಗೆ ನಿಲುಕುವುದಿಲ್ಲ, ಆದರೆ ಜಿಮ್ಮು ಮುಚ್ಚುವವರು, ಬದಲಿಸುವವರು ಹಳೆಯದನ್ನು ಮಾರುತ್ತಾರೆ, ಮೂರನೆಯ ಬಗೆಯ ಬೆಲೆಗೇ ಸಿಕ್ಕಿಬಿಡುತ್ತದೆ.

ಓಟದ ಸುಖ ಕೇಳಿದರೆ ನಾಲ್ಕನೆಯದೇ ಮೇಲು. 12ಕ್ಕೆ ಏರಿಸಿ, ಇಳಿಸಿ, ಮತ್ತೆ ಏರಿಸಿ, ಬೆಲ್ಟು ಒಂದೇ ಸಮ. ತೂಕದವರು ಓಡಿದರೂ ಅಲುಗುವುದಿಲ್ಲ. ಇನ್ನೊಂದು ದೊಡ್ಡ ಅನುಕೂಲ ನಮ್ಮ ಸೀಮೆಗೇ ಸೇರಿದ್ದು: ಬೋರ್‌ವೆಲ್ ಮೋಟರು ಸುತ್ತಿ ಸುತ್ತಿ ಪಳಗಿದ ರಿವೈಂಡಿಂಗ್ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆ, ಎಸಿ ಮೋಟರು ಸುಟ್ಟರೆ ಊರಲ್ಲೇ ಕೆಲಸ ಆಗುತ್ತದೆ. ಡಿಸಿ ಯಂತ್ರದ ಕಾರ್ಬನ್ ಬ್ರಷ್ ಇಲ್ಲಿ ಬದಲಿಸುತ್ತಾರೆ, ಕಂಟ್ರೋಲರ್ ಬೋರ್ಡು ಹೋದರೆ ಮಾತ್ರ ಕಂಪನಿಯ ದಾರಿ ಕಾಯಬೇಕು. ಗೆಳತಿಯ ಯಂತ್ರ ಒಮ್ಮೆ ಹೀಗೇ ವಾರಗಟ್ಟಲೆ ನಿಂತಿತ್ತು. ದುಡ್ಡು ಕೊಡುವ ಮೊದಲೇ ಬಳ್ಳಾರಿಗೆ ಬಂದು ಸರ್ವಿಸ್ ಮಾಡುವವರು ಯಾರು, ಅವರ ಫೋನ್ ನಂಬರು ಏನು ಅಂತ ಬರೆಸಿಕೊಳ್ಳಿ.

ಇಷ್ಟಾದರೂ ನಾನು ತಂದದ್ದು ಮೂರನೆಯದನ್ನೇ. ನಮ್ಮದು ಮಹಡಿ ಮನೆ. ಒಂದೂವರೆ ಕ್ವಿಂಟಲಿಗೂ ಮಿಕ್ಕ ಎಸಿ ಯಂತ್ರ ಮೆಟ್ಟಿಲ ತಿರುವಿನಲ್ಲಿ ಹತ್ತುವುದಿಲ್ಲ, ಮಡಚುವುದಿಲ್ಲ, ಕೆಳಗಿನ ಮನೆಯವರಿಗೆ ಬೆಳಿಗ್ಗೆ ಐದಕ್ಕೇ ಗುಡುಗು. ಕೆಳಗಿನವರು ಕೂಗುವ ಮೊದಲೇ ನಾನು ದಪ್ಪ ರಬ್ಬರ್ ಮ್ಯಾಟ್ ಹಾಸಿ, ಕೋಣೆಯ ನಡುಮಧ್ಯ ಬಿಟ್ಟು, ಕೆಳಗೆ ಗೋಡೆಯಿರುವ ಕಡೆಗೆ ಯಂತ್ರ ಇಟ್ಟೆ. ಅದುರು ಬಹಳ ತಗ್ಗಿತು. ಹಳೆಯ ಮಣ್ಣಿನ ಮಾಳಿಗೆ ಮನೆಯವರು ಯಾವ ಭಾರದ ಯಂತ್ರವನ್ನೂ ಮೇಲೆ ಇಡಬಾರದು, ನೆಲದ ಮೇಲೇ ಇರಲಿ. ನೆಲಮಾಳಿಗೆಯ ಕೋಣೆ ಅಥವಾ ನೆಲಮಟ್ಟದ ಹಾಲ್ ಇದ್ದು, ಪ್ರತ್ಯೇಕ 16 ಆಂಪಿಯರ್ ಲೈನು ಎಳೆಸಬಲ್ಲವರು ಹಳೆಯ ಜಿಮ್ ಯಂತ್ರವನ್ನು ಧೈರ್ಯವಾಗಿ ತರಬಹುದು.

ಮೋಟರೇ ಇಲ್ಲದ, ಬೆಲ್ಟು ತೊಟ್ಟಿಲಂತೆ ಬಾಗಿದ ಕರ್ವ್ ಟ್ರೆಡ್‌ಮಿಲ್ಲನ್ನೂ ಜಿಮ್ಮಿನಲ್ಲಿ ಓಡಿ ನೋಡಿದೆ. ಕರೆಂಟಿನ ಹಂಗಿಲ್ಲ, ನಾವು ಎಷ್ಟು ಒತ್ತುತ್ತೇವೋ ಅಷ್ಟೇ ವೇಗ. ಆದರೆ ಅದೇ ವೇಗಕ್ಕೆ ಏದುಸಿರು ಬೇಗ ಬರುತ್ತದೆ, ನಿಧಾನ ಉದ್ದ ಓಟಕ್ಕೆ ಒಗ್ಗುವುದಿಲ್ಲ, ಒಳ್ಳೆಯದರ ಬೆಲೆಯೂ ವಿಪರೀತ. ಚಿಕ್ಕ ದೂರದ ಬಿರುಸಿನ ಓಟ ಮಾಡುವ ಕ್ರೀಡಾಪಟುಗಳಿಗೆ ಸರಿ.

ಕರೆಂಟಿನ ಮಾತು. ಮನೆಯ ಸಾಮಾನ್ಯ ಇನ್ವರ್ಟರ್ ಟ್ರೆಡ್‌ಮಿಲ್ ಎಳೆಯುವುದಿಲ್ಲ, ಆ ಪಾಯಿಂಟಿಗೆ ಅದನ್ನು ಜೋಡಿಸಲೇಬೇಡಿ. ಓಡುವಾಗ ಕರೆಂಟು ಹೋದರೆ ದೀಪ ಉರಿಯುತ್ತಲೇ ಇರುತ್ತದೆ, ಬೆಲ್ಟು ಮಾತ್ರ ನಿಲ್ಲುತ್ತದೆ, ನಾವು ಮುಂದಕ್ಕೆ ಮುಗ್ಗರಿಸುತ್ತೇವೆ. ಎರಡನೆಯ ಬಗೆಯಲ್ಲಿ ಅದು ತಟ್ಟನೆ ನಿಂತಿತು. ಭಾರದ ಯಂತ್ರದಲ್ಲಿ ಒಂದೆರಡು ಹೆಜ್ಜೆ ಜಾರಿ ನಿಂತಿತು. ಕಿತ್ತು ಬಂದರೆ ಬೆಲ್ಟು ನಿಲ್ಲಿಸುವ ಸೇಫ್ಟಿ ಕೀಲಿಯ ದಾರ ಬಟ್ಟೆಗೆ ಸಿಕ್ಕಿಸಿಕೊಳ್ಳದೆ ಮಕ್ಕಳನ್ನು ಹತ್ತಿಸಬೇಡಿ, ಹಿಂದೆ ಆರಡಿಯಾದರೂ ಖಾಲಿ ಜಾಗ ಬಿಡಿ. ವೋಲ್ಟೇಜ್ ಏರಿಳಿತಕ್ಕೆ ನಾನು ಹಾಕಿಸಿದ್ದು ಏರ್ ಕಂಡಿಷನರಿಗೆ ಬಳಸುವಂಥ 4 ಕೆವಿಎ ಸ್ಟೆಬಿಲೈಜರ್. ಅರ್ಥಿಂಗ್ ಸರಿಯಿರಲೇಬೇಕು. ಒಣ ಬೇಸಿಗೆಯಲ್ಲಿ ಬೆಲ್ಟಿನ ತಿಕ್ಕಾಟಕ್ಕೆ ಸ್ಥಾಯಿ ವಿದ್ಯುತ್ ಹುಟ್ಟಿ ಹಿಡಿಕೆ ಮುಟ್ಟಿದರೆ ಚುರುಕ್ ಅನ್ನುತ್ತದೆ, ಒಮ್ಮೊಮ್ಮೆ ಪರದೆಯೂ ಗೊಂದಲ ಮಾಡಿಕೊಳ್ಳುತ್ತದೆ.

ಬೆಲ್ಟನ್ನು ದಿಬ್ಬ ಹತ್ತುವ ಹಾಗೆ ಓರೆ ಮಾಡುವ ಏರಿಕೆಯ ವಿಷಯದಲ್ಲಿ ಎರಡನೆಯ ಬಗೆಗೂ ಮೂರನೆಯದಕ್ಕೂ ಅಜಗಜಾಂತರ. ಅಗ್ಗದ ಯಂತ್ರದಲ್ಲಿ ಇಳಿದು, ಹಿಂದೆ ಎತ್ತಿ, ಪಿನ್ನು ಬದಲಿಸಬೇಕು, ಮೂರೇ ಮಟ್ಟ. ಮೂರನೆಯದರಲ್ಲಿ ಗುಂಡಿ ಒತ್ತಿದರೆ 15 ಮಟ್ಟದವರೆಗೆ ಏರುತ್ತದೆ. ಇದಕ್ಕೆ ಯಾಕಿಷ್ಟು ಬೆಲೆ ಕೊಡುತ್ತೇನೆ ಅಂದರೆ, ಯಂತ್ರದ ಮೇಲೆ ಎದುರುಗಾಳಿ ಇರುವುದಿಲ್ಲ, ಓಟ ಹಗುರಾಗುತ್ತದೆ. ಜೋನ್ಸ್ ಮತ್ತು ಡೌಸ್ಟ್ ಎಂಬ ಸಂಶೋಧಕರು 1996ರಲ್ಲಿ ತೋರಿಸಿದ ಹಾಗೆ, ವೇಗವಾಗಿ ಓಡುವವರಿಗೆ ಶೇ 1ರ ಏರು ಇಟ್ಟರೆ ಹೊರಗಿನ ಸಮತಟ್ಟು ರಸ್ತೆಯ ಶ್ರಮಕ್ಕೆ ಸಮ. ಓಡಲಾರದ ಮಂಡಿನೋವಿನವರಿಗೂ ಏರು ದೊಡ್ಡ ವರ. ಆಸ್ಪತ್ರೆಯಲ್ಲಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಮಾಡಿಸಿಕೊಂಡವರಿಗೆ ಇದು ಗೊತ್ತು: ಹೃದಯತಜ್ಞ ರಾಬರ್ಟ್ ಬ್ರೂಸ್ ರೂಪಿಸಿದ ಆ ಪರೀಕ್ಷೆ ಗಂಟೆಗೆ ಬರೀ 2.7 ಕಿ.ಮೀ. ವೇಗದಲ್ಲಿ, ಶೇ 10ರ ಏರಿನಲ್ಲಿ ಶುರುವಾಗುತ್ತದೆ, ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ನಿಧಾನ ನಡಿಗೆಯೇ ಎದೆಬಡಿತ ಏರಿಸಿಬಿಡುತ್ತದೆ. ನಡಿಗೆಯವರು 16 ಕಿ.ಮೀ. ವೇಗಕ್ಕೆ ದುಡ್ಡು ಸುರಿಯುವ ಬದಲು ಈ ಏರಿಕೆಗೆ ಕೊಡಲಿ. ಹೃದಯದ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲಿ.

ಗಾಳಿಯಿಲ್ಲದ ಕೋಣೆಯಲ್ಲಿ ಬೆವರು ಆರುವುದಿಲ್ಲ, ಅದೇ ವೇಗಕ್ಕೆ ಎದೆಬಡಿತ ಹೆಚ್ಚು. ಎದೆಮಟ್ಟಕ್ಕೆ ಎದುರಿಗೆ ಫ್ಯಾನು ಬೇಕು. ಕೂಲರ್ ಹಾಕುವುದಾದರೆ ಕಿಟಕಿ ತೆರೆದಿಡಿ, ಮುಚ್ಚಿದ ಕೋಣೆಯಲ್ಲಿ ತೇವ ತುಂಬಿ ಮತ್ತಷ್ಟು ಸೆಕೆ. ಕಿಟಕಿಗೆ ಸೊಳ್ಳೆ ಪರದೆಯ ಜೊತೆ ತೆಳು ಬಟ್ಟೆ ಕಟ್ಟಿದರೆ ಧೂಳು ಎಷ್ಟೋ ಕಡಿಮೆ.

ಅಂಗಡಿಯಲ್ಲಾಗಲಿ ಹಳೆಯದು ಮಾರುವವರ ಮನೆಯಲ್ಲಾಗಲಿ, ನಿಮ್ಮ ಸ್ವಂತ ಓಟದ ಶೂ ಹಾಕಿಕೊಂಡು ಹತ್ತು ನಿಮಿಷ ಓಡಿಯೇ ನೋಡಿ. ಬೆಲ್ಟಿನ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ, ಬೆಲ್ಟಿನ ಪೂರ್ತಿ ಸುತ್ತಳತೆ ಅಳೆದುಕೊಳ್ಳಿ. ಒಬ್ಬರು ಓಡುತ್ತಿರುವಾಗ ಇನ್ನೊಬ್ಬರು ಆ ಗುರುತು ನಿಮಿಷಕ್ಕೆ ಎಷ್ಟು ಸಲ ಬಂತು ಅಂತ ಎಣಿಸಲಿ. ಸುತ್ತಳತೆ 2.8 ಮೀಟರ್ ಇದ್ದು 60 ಸಲ ಬಂದರೆ 168 ಮೀಟರ್, ಅಂದರೆ ಗಂಟೆಗೆ 10 ಕಿ.ಮೀ. ಪರದೆ 11 ತೋರಿಸುತ್ತಿದ್ದರೆ ಕೇಳಿ. ಹಳೆಯ ಜಿಮ್ ಯಂತ್ರವಾದರೆ ಬೆಲ್ಟನ್ನು ಪಕ್ಕದಿಂದ ಎತ್ತಿ ಹಲಗೆಯ ಮೇಲೆ ಕೈಯಾಡಿಸಿ: ಪಾದ ಬೀಳುವ ಜಾಗದಲ್ಲಿ ಒರಟಾಗಿ ತಗ್ಗು ಬಿದ್ದಿದ್ದರೆ ಹಲಗೆ, ಬೆಲ್ಟು ಎರಡರ ಖರ್ಚನ್ನೂ ಬೆಲೆಯಲ್ಲಿ ಇಳಿಸಿಕೊಂಡೇ ಮಾತು ಮುಗಿಸಿ.